ಮುನ್ನುಡಿಯ ಕೊನೆಯ ಪುಟ

ಅಚ್ಚುಕೂಟದಲ್ಲಿ ಕರಡು ತಿದ್ದುವ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕೊಂಬಕ್ಕ ಅಂತ. ಕೊಂಬು, ದೀರ್ಘ, ಒತ್ತು, ಯಾವುದು ಬಿಟ್ಟುಹೋದರೂ ಆಕೆಯ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಕ್ಷರ ತಿದ್ದಿದ್ದಳೇ ಹೊರತು ಯಾರ ಅಭಿಪ್ರಾಯಕ್ಕೂ ಕೈ ಹಾಕಿದವಳಲ್ಲ.

ಆ ಸಲ ಬಂದದ್ದು ಡೆನ್ಮಾರ್ಕಿನ ಒಂದು ಕಾದಂಬರಿಯ ಅನುವಾದ. ಗಂಟೆ ಎರಕ ಹೊಯ್ಯುವವನೊಬ್ಬ ಮಾವನ ಹೆಸರಿನಲ್ಲಿ ಮೆರೆದು, ಒಂದು ದಿನ ಎಲ್ಲ ಬಿಟ್ಟು ಕಡಲಂಚಿನ ದೀಪಸ್ತಂಭ ಕಾಯಲು ಹೋಗುತ್ತಾನೆ. ಅನುವಾದಿಸಿದ ಪ್ರೊಫೆಸರರ ಮುನ್ನುಡಿ ‘ಇದು ಸೋತವನ ಕಥೆ’ ಎಂದು ಮುಗಿದಿತ್ತು. ಕೊಂಬಕ್ಕ ಆ ಸಾಲನ್ನು ಎರಡು ಸಲ ಓದಿದಳು. ಪೆನ್ಸಿಲ್ ತೆಗೆದು ಅಂಚಿನಲ್ಲಿ ಬರೆದೇಬಿಟ್ಟಳು: ‘ಸೋತಿಲ್ಲ.’

“ಅಳಿಸಿಬಿಡಮ್ಮ, ದೊಡ್ಡವರ ಉಸಾಬರಿ ನಮಗ್ಯಾಕೆ?” ಎಂದು ಮಾಲೀಕರು ಗೋಗರೆದರು. ಅಳಿಸಲಿಲ್ಲ.

ಮೂರನೇ ದಿನ ಪ್ರೊಫೆಸರರೇ ಕರಡು ಹಿಡಿದು ಬಂದರು. “ಯಾರು ಬರೆದದ್ದು ಇದು?”

“ನಾನೇ ಸಾರ್.” ಎದ್ದು ನಿಂತಳು.

“ಹೆಂಡತಿ, ಹಣ, ಹೆಸರು, ಎಲ್ಲ ಕಳಕೊಂಡ. ಇನ್ನೇನು ಗೆದ್ದ?”

“ಅವೆಲ್ಲ ಇದ್ದಾಗ ಅವನೆಲ್ಲಿದ್ದ ಸಾರ್? ಮಾವನಿಗೆ ಅಳಿಯ, ಊರಿಗೆ ಸಾಹುಕಾರ. ದೀಪಸ್ತಂಭದಲ್ಲಿ ದೇವರ ಮುಂದೆ ಒಬ್ಬನೇ ಮಂಡಿಯೂರಿ ‘ಇದು ನಾನು’ ಅಂತಾನೆ. ಇನ್ನೂರ ಹನ್ನೆರಡನೇ ಪುಟ. ತಾನು ತಾನಾಗಿರಲು ಒಲ್ಲದಿರುವುದೇ ಹತಾಶೆ, ಆ ದೇಶದ ಕ್ರೈಸ್ತ ಚಿಂತನೆ ಹೇಳೋದು ಅದನ್ನೇ ಅಂತ ಮುನ್ನುಡಿಯ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಒಂಬತ್ತಕ್ಕೆ, ಕೊನೇ ಪುಟಕ್ಕೆ ಬರೋಷ್ಟರಲ್ಲಿ ಮರೆತುಬಿಟ್ರಿ.”

ಅಚ್ಚುಕೂಟದಲ್ಲಿ ಎಲ್ಲರ ಕೈಯೂ ನಿಂತಿತು. ಪ್ರೊಫೆಸರರು ಪುಟಗಳನ್ನು ಹಿಂದೆ ಮುಂದೆ ಮಗುಚಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ನಕ್ಕರು.

“ನಲವತ್ತು ವರ್ಷ ಪಾಠ ಹೇಳಿದೀನಮ್ಮ. ನನ್ನ ಕಿವಿ ಹಿಂಡಿದವರು ನೀವೊಬ್ಬರೇ.”

ಅಲ್ಲೇ ಕೂತು ಕೊನೆಯ ಪುಟವನ್ನು ಹೊಸದಾಗಿ ಬರೆದರು. ಕೃತಜ್ಞತೆಯ ಸಾಲು ಸೇರಿಸುವಾಗ ಮಾಲೀಕರು ಮೂಗು ತೂರಿಸಿದರು: “ನಮ್ಮ ಅಚ್ಚುಕೂಟದ ಹೆಣ್ಣುಮಗಳೊಬ್ಬರು ಅಂತ ಹಾಕಿ.”

“ಬೇಡ,” ಎಂದಳು ಆಕೆ. “ನನ್ನ ಹೆಸರೇ ಇರಲಿ.”

ಪುಸ್ತಕ ಹೊರಬಂದ ದಿನ ಬಸ್ ಚಾಲಕನಾದ ಗಂಡ ಅದನ್ನು ಡಿಪೋಗೆ ಒಯ್ದು, ಆ ಸಾಲಿನ ಮೇಲೆ ಬೆರಳಿಟ್ಟು, ಸಿಕ್ಕಸಿಕ್ಕವರಿಂದೆಲ್ಲ ಜೋರಾಗಿ ಓದಿಸಿದ. ಸಂಜೆ ಮನೆಗೆ ಬಂದು ಲೆಕ್ಕ ಒಪ್ಪಿಸಿದ: “ಮೂವತ್ತೇಳು ಜನ!”

“ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಗದರಿದಳು. ಗದರುತ್ತಲೇ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಬಾಗಿಲ ಪಕ್ಕದ ಮೇಜಿನ ಮೇಲಿಟ್ಟಳು.