ಹೆರ್ಲಿಂಡಾಳ ಐದು ಹುಟ್ಟುಹಬ್ಬಗಳು

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಬುಧವಾರ ಮಧ್ಯಾಹ್ನ, ಎಂಜಲು ತಟ್ಟೆಗಳನ್ನು ಇನ್ನೇನು ಎತ್ತಬೇಕು ಅನ್ನುವಷ್ಟರಲ್ಲಿ, ಆರು ಮಂದಿ ಕಡಲ್ಗಳ್ಳರು ಡೋಲು ಬಡಿಯುತ್ತ ಬಂದು ಹೆರ್ಲಿಂಡಾಳನ್ನು ಸುತ್ತುವರಿದರು. ಒಬ್ಬ ಅವಳ ತಲೆಯ ಮೇಲೆ ಮೊರದಷ್ಟು ಅಗಲದ ಟೊಪ್ಪಿ ಇಟ್ಟ. ಇನ್ನೊಬ್ಬ ಮೇಣದಬತ್ತಿ ಚುಚ್ಚಿದ ಕೇಕಿನ ತುಂಡನ್ನು ಮುಂದಿಟ್ಟ. ಆಮೇಲೆ ಎಲ್ಲರೂ ಸೇರಿ ಹುಟ್ಟುಹಬ್ಬದ ಹಾಡನ್ನು ಕಿರುಚಿದರು.

ಅವಳ ಹುಟ್ಟುಹಬ್ಬ ಇದ್ದದ್ದು ನವೆಂಬರಿನಲ್ಲಿ.

"ಸುಮ್ನೆ ನಗು," ಎಂದ ಗಂಡ ಫೋರ್ಚುನಾಟೊ, ತುಟಿ ಅಲ್ಲಾಡಿಸದೆ. "ಹುಟ್ಟುಹಬ್ಬ ಅಂದ್ರೆ ಕೇಕು ಪುಕ್ಕಟೆ."

ಫೋರ್ಚುನಾಟೊ ಸೆರ್ಮೆನ್ಯೊ ಬಡವನೇನಲ್ಲ. ಉತ್ತರ ಮೆಕ್ಸಿಕೊದ ತೊರ್ರೆಯೋನ್ ಪಟ್ಟಣದಲ್ಲಿ ಅವನಿಗೆ ನೀರಿನ ಟ್ಯಾಂಕಿ ಮಾರುವ ಮೂರು ಅಂಗಡಿಗಳಿದ್ದವು. ಮರಳುಗಾಡಿನ ಅಂಚಿನ ಆ ಊರಿನಲ್ಲಿ ಟ್ಯಾಂಕಿ ಮಾರುವವನು ಉಪವಾಸ ಬೀಳುವುದುಂಟೇ? ಆದರೆ ರಾಜಧಾನಿಯವರೆಲ್ಲ ಉತ್ತರದವರ ತಲೆ ಬೋಳಿಸಲೆಂದೇ ಹುಟ್ಟಿದವರು ಎಂದು ಅವನು ಬಲವಾಗಿ ನಂಬಿದ್ದ. ಮಗಳು ಯೂರಿಡಿಯಾಳನ್ನೂ ಏಳು ವರ್ಷದ ಮೊಮ್ಮಗಳು ಇತ್ಸಾಯಾನಾಳನ್ನೂ ಕಟ್ಟಿಕೊಂಡು ಮೆಕ್ಸಿಕೊ ನಗರದ ಹೊರಗಿನ ಆ ದೊಡ್ಡ ಮನರಂಜನಾ ಉದ್ಯಾನಕ್ಕೆ ರಜೆಗೆ ಬಂದಾಗ, ಅವನ ಮನಸ್ಸಿನಲ್ಲಿದ್ದದ್ದು ಉಯ್ಯಾಲೆಯೂ ಅಲ್ಲ, ರೈಲೂ ಅಲ್ಲ. ರಾಜಧಾನಿಯವರಿಗೆ ಟೊಪ್ಪಿ ಹಾಕಬೇಕು, ಅಷ್ಟೇ.

ಗುರುವಾರ ಅವರು ಉಂಡದ್ದು ಉದ್ಯಾನದ ಪ್ಲಾಸ್ಟಿಕ್ ಕೋಟೆಯೊಳಗಿನ ಹೋಟೆಲಿನಲ್ಲಿ. ಕೋಳಿಗೆ 'ರಾಜಕುಮಾರಿಯ ಹಂಸ' ಎಂದು ಹೆಸರಿಟ್ಟಿದ್ದರು. ರುಚಿ ಮಾತ್ರ ಕೋಳಿಯದೂ ಅಲ್ಲ, ಹಂಸದ್ದೂ ಅಲ್ಲ. ಎಲ್ಲರಿಗೂ ಏನು ಬೇಕೆಂದು ಎಂದಿನಂತೆ ಫೋರ್ಚುನಾಟೊನೇ ಹೇಳಿದ. ವೇಟರನ ಕಿವಿಯಲ್ಲಿ ಪಿಸುಗುಟ್ಟಿದ್ದೂ ಅವನೇ. ಹಿಂದಿನ ದಿನ ಅರವತ್ತಾಗಿದ್ದ ಹೆರ್ಲಿಂಡಾಳಿಗೆ ಈಗ ಅರವತ್ತೈದಾಯಿತು. ವಯಸ್ಸು ಹೆಚ್ಚಿದಷ್ಟೂ ಕೇಕಿನ ತುಂಡು ದೊಡ್ಡದಾಗುತ್ತದೆ ಎಂದು ಅವನು ಕಂಡುಹಿಡಿದಿದ್ದ. ನಿಜವಾಗಿ ಅವಳಿಗೆ ಐವತ್ತೆಂಟು.

ಜರತಾರಿ ಅಂಗಿ ತೊಟ್ಟ ರಾಜಕುಮಾರನೊಬ್ಬ ಮಂಡಿಯೂರಿ ಅವಳ ಕೈಗೆ ಮುತ್ತಿಟ್ಟ. "ಮಹಾರಾಣಿ, ನೂರು ಕಾಲ ಬಾಳಿ," ಎಂದ. ಅವನ ಬಾಯಿಂದ ಈರುಳ್ಳಿ ವಾಸನೆ ಬರುತ್ತಿತ್ತು. ಆದರೂ ಹೆರ್ಲಿಂಡಾ ಕೈಯನ್ನು ತಕ್ಷಣ ಹಿಂದೆಳೆದುಕೊಳ್ಳಲಿಲ್ಲ.

"ಅಜ್ಜಿ, ನೀನು ದಿನಾ ಹುಟ್ತೀಯಾ?" ಎಂದಳು ಇತ್ಸಾಯಾನಾ.

"ತಾತನ್ನ ಕೇಳು ಮಗಾ. ಹುಟ್ಟಿಸ್ತಿರೋದು ಅವ್ರೇ."

ಶುಕ್ರವಾರ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತಳು. ಮಗಳ ಚೀಲದಿಂದ ತುಟಿಬಣ್ಣ ತೆಗೆದು ಹಚ್ಚಿಕೊಂಡಳು. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಮೂವತ್ತಮೂರು ವರ್ಷದ ಸಂಸಾರದಲ್ಲಿ ನವೆಂಬರಿನ ಆ ದಿನ ಗಂಡನಿಗೆ ಒಮ್ಮೆಯೂ ನೆನಪಾದದ್ದಿಲ್ಲ. ನೆನಪಿಸಿದರೆ "ವಯಸ್ಸಾಗೋದ್ರಲ್ಲಿ ಏನು ಸಡಗರ?" ಎನ್ನುತ್ತಿದ್ದ. ಕೇಕು ಬೇಕೆನಿಸಿದರೆ ಅವಳೇ ಬೇಯಿಸಬೇಕಿತ್ತು. ಅದರಲ್ಲಿ ದೊಡ್ಡ ತುಂಡು ಅವನದೇ. ಈಗ ಊರು ಕೇರಿ ಗೊತ್ತಿಲ್ಲದ ಬಾಡಿಗೆ ಕಡಲ್ಗಳ್ಳರು ಅವಳಿಗಾಗಿ ಹಾಡುತ್ತಿದ್ದರು. ಅವಳಿಗೆ ಹಿತವಾಗುತ್ತಿತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿದ್ದು.

ತುಟಿಬಣ್ಣ ಫೋರ್ಚುನಾಟೊನ ಕಣ್ಣಿಗೆ ಬೀಳಲೇ ಇಲ್ಲ.

ಆ ಮಧ್ಯಾಹ್ನ ಡೈನೋಸಾರ್ ಗುಹೆಯಲ್ಲಿ ಸೀಗಡಿ ವಡೆ ತಿನ್ನುತ್ತಿದ್ದಾಗ ಅವನು ಮತ್ತೆ ಬೆರಳು ಮಡಚಿ ವೇಟರನನ್ನು ಕರೆದ.

"ರೀ, ಇವತ್ತು ಬೇಡ," ಎಂದಳು ಹೆರ್ಲಿಂಡಾ. "ಇವತ್ತು ಶುಭ ಶುಕ್ರವಾರ. ಏಸುಸ್ವಾಮಿ ಸತ್ತ ದಿನ."

"ಸತ್ತ ದಿನ ಭೂಮಿ ಮೇಲೆ ಯಾರೂ ಹುಟ್ಟೋದೇ ಇಲ್ವೇನೆ ಮುದುಕಿ?"

ಬಾಲ ಕಟ್ಟಿಕೊಂಡ ನಾಲ್ವರು ಬಂದು ಘರ್ಜಿಸಿದರು. ಅವಳು ಶಿಲುಬೆ ಗುರುತು ಹಾಕಿಕೊಂಡು ಮೇಣದಬತ್ತಿ ಊದಿದಳು. ಸಂಜೆ ರಾಕೆಟ್ ಆಕಾರದ ಹೋಟೆಲಿನಲ್ಲಿ ಮತ್ತೆ ಊದಿದಳು. ಅಲ್ಲಿ ಎಪ್ಪತ್ತು ತುಂಬಿದವರಿಗೆ ಕಿರೀಟವನ್ನೂ ಕೊಡುತ್ತಿದ್ದರು. ಕಿರೀಟ ಮೊಮ್ಮಗಳ ಪಾಲಾಯಿತು. ಎಪ್ಪತ್ತು ಹೆರ್ಲಿಂಡಾಳ ಪಾಲಿಗೆ ಉಳಿಯಿತು.

ಶನಿವಾರ ಅವರು ನಗರಕ್ಕೆ ಬಂದರು. ಅಲ್ಲಿ ಫೋರ್ಚುನಾಟೊನ ಹಳೆಯ ಗೆಳೆಯ ಲಿಯೊಬಾರ್ದೊ ಇದ್ದ. ಯೂರಿಡಿಯಾಳ ನಾಮಕರಣದಲ್ಲಿ ಧರ್ಮತಂದೆಯಾಗಿ ನಿಂತವನು; ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕಂಪಾದ್ರೆ' ಎಂದೇ ಕರೆಯುವುದು. ಅವನು ರಾಜಧಾನಿಗೆ ಬಂದು ಸಾರಿಗೆ ಬಸ್ಸುಗಳ ಧಣಿಯಾಗಿದ್ದ. ಅವನನ್ನೂ ಅವನ ಹೆಂಡತಿ ಅಂಪಾರೊಳನ್ನೂ ಫೋರ್ಚುನಾಟೊ ಹಳೇಪೇಟೆಯ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದಿದ್ದ. ಗೋಡೆಯ ತುಂಬ ನೀಲಿ ಪಿಂಗಾಣಿ ಬಿಲ್ಲೆ, ಬಿಳಿ ಕೋಟಿನ ಮುದಿ ವೇಟರುಗಳು. ತಾನೇನು ಕಡಿಮೆಯಲ್ಲ ಎಂದು ತೋರಿಸಬೇಕಿತ್ತು. ಆದರೆ ಕೈಗಂಟಿದ ಚಟ ಬಿಟ್ಟೀತೇ? ಕಪ್ಪು ಮೋಲೆ ಸಾರಿನಲ್ಲಿ ಬೆಂದ ಬಾತುಕೋಳಿ ಬರುವ ಮೊದಲೇ ವೇಟರನ ಕಿವಿ ಕಚ್ಚಿದ.

ವೇಟರನಿಗೆ ಕಿವಿ ಮಂದ. "ಯಾರಿಗೆ ಸಾರ್? ಅಮ್ಮಾವ್ರಿಗೆ ಎಪ್ಪತ್ತಾ?" ಎಂದು ಇಡೀ ಕೋಣೆಗೆ ಕೇಳುವಂತೆ ಕೂಗಿದ.

ಲಿಯೊಬಾರ್ದೊ ಕುರ್ಚಿ ಬೀಳುವಂತೆ ಎದ್ದುನಿಂತ. "ಹುಟ್ಟುಹಬ್ಬವಾ! ಕಂಪಾದ್ರೆ, ಪಾಪಿ, ಒಂದು ಮಾತು ಹೇಳ್ಬಾರ್ದಾ? ಬರಿಗೈಲಿ ಬಂದ್ಬಿಟ್ವಲ್ಲ! ಲೇ ಯಾರಲ್ಲಿ, ಹಾಡೋರನ್ನ ಕರೀರಿ! ಪೂರ್ತಿ ಕೇಕು ತನ್ನಿ, ತುಂಡು ಗಿಂಡು ಬೇಡ!"

ಅಂಪಾರೊ ಹುಬ್ಬು ಗಂಟಿಕ್ಕಿದ್ದಳು. "ತಡೀರಿ. ನಿಮ್ಮ ಮದುವೆಗೆ ನಾನು ಬಂದಿದ್ದೆ. ಆಗ ಹುಡುಗಿಗೆ ಇಪ್ಪತ್ತೈದು ಅಂದಿದ್ರು. ಇವತ್ತು ಎಪ್ಪತ್ತು ಹೇಗಾಗುತ್ತೆ?"

ಫೋರ್ಚುನಾಟೊನ ಬಣ್ಣ ಹಚ್ಚಿದ ಮೀಸೆಯ ಕೆಳಗೆ ಬೆವರು ಒಡೆಯಿತು. ಹೆಂಡತಿಯತ್ತ ನೋಡಿದ. ಅವನು ಅವಳನ್ನು ಹಾಗೆ ದಿಟ್ಟಿಸಿ ನೋಡಿ ವರ್ಷಗಳೇ ಆಗಿದ್ದವು. ಒಂದೇ ಮಾತಿನಲ್ಲಿ ಅವಳು ಅವನ ಮಾನವನ್ನು ಬಾತುಕೋಳಿಯ ಪಕ್ಕದಲ್ಲಿ ಬಡಿಸಿಬಿಡಬಹುದಿತ್ತು.

"ಆಗ ಸುಳ್ಳು ಹೇಳಿದ್ರು ಅಂಪಾರೊ," ಎಂದಳು ಹೆರ್ಲಿಂಡಾ ತಣ್ಣಗೆ. "ಮೂವತ್ತೇಳು ಅಂದಿದ್ರೆ ಇವ್ರು ಕಟ್ಕೋತಿದ್ರಾ?"

"ಅಯ್ಯೋ ದೇವ್ರೇ! ಮುಖಕ್ಕೇನು ಹಚ್ತೀಯೇ?"

ಕೇಕು ಬಂತು. ಕಹಳೆ, ಪಿಟೀಲು ಹಿಡಿದವರು ಬಂದು ಹೆರ್ಲಿಂಡಾಳ ತಲೆಗೆ ಟೊಪ್ಪಿ ಇಟ್ಟು ಮೂರು ಹಾಡು ಹಾಡಿದರು. ಪಕ್ಕದ ಮೇಜಿನವರೂ ಚಪ್ಪಾಳೆ ತಟ್ಟಿದರು. ಆಮೇಲೆ ಲಿಯೊಬಾರ್ದೊ ಗ್ಲಾಸು ಎತ್ತಿ, "ಈಗ ಗಂಡನಾದವನು ಹೆಂಡತಿ ಬಗ್ಗೆ ಎರಡು ಮಾತು ಆಡ್ಬೇಕು," ಎಂದ.

ಫೋರ್ಚುನಾಟೊ ಎದ್ದ. ಟ್ಯಾಂಕಿಯ ಗುಣಗಾನವನ್ನಾದರೆ ಒಂದು ಗಂಟೆ ಮಾಡಬಲ್ಲವನು. ಕೆಮ್ಮಿದ. "ಹೆರ್ಲಿಂಡಾ..." ಎಂದ. "ಹೆರ್ಲಿಂಡಾ ಹುರುಳಿಕಾಳು ಚೆನ್ನಾಗಿ ಬೇಯಿಸ್ತಾಳೆ." ಎಲ್ಲರೂ ಮುಂದಿನ ಮಾತಿಗೆ ಕಾದರು. "ಉಪ್ಪು ಸರಿಯಾಗಿರುತ್ತೆ," ಎಂದು ಕೂತುಬಿಟ್ಟ.

ಪಿಟೀಲಿನವನು ನೆಲ ನೋಡಿದ. ಹೆರ್ಲಿಂಡಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂವತ್ತಮೂರು ವರ್ಷ, ಹುರುಳಿಕಾಳು, ಉಪ್ಪು.

"ಉಡುಗೊರೆ ಏನು ಕೊಟ್ರಿ ಕಂಪಾದ್ರೆ?" ಎಂದು ಕೇಳಿದಳು ಅಂಪಾರೊ.

ಅವನು ಬಾಯಿ ತೆರೆಯುವ ಮೊದಲೇ ಹೆರ್ಲಿಂಡಾ ಹೇಳಿದಳು: "ಮಸಾಟ್ಲಾನ್. ನಾನು, ಯೂರಿಡಿಯಾ, ಪುಟ್ಟಿ, ಮೂರೇ ಜನ. ಎಂಟು ದಿನ ಸಮುದ್ರದ ದಂಡೇಲಿ. ಇವರಿಗೆ ಅಂಗಡಿ ಬಿಟ್ಟು ಬರೋಕಾಗಲ್ವಂತೆ, ಪಾಪ. 'ನೀನು ದುಡಿದಿದ್ದು ಸಾಕು ಮುದುಕಿ, ಹೋಗಿ ಬಾ' ಅಂದ್ರು."

ಫೋನಿನಲ್ಲಿ ಮುಳುಗಿದ್ದ ಯೂರಿಡಿಯಾ ತಲೆಯೆತ್ತಿದಳು. ತಾಯಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಹೌದು," ಎಂದಳು. "ನನ್ನ ಹತ್ರ ಹೇಳುವಾಗ ಅಪ್ಪ ಅತ್ತೇ ಬಿಟ್ರು."

ಫೋರ್ಚುನಾಟೊ ಮೇಜಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಉಡುಗೊರೆ ಸುಳ್ಳೆಂದರೆ ಎಪ್ಪತ್ತೂ ಸುಳ್ಳೆಂದು ಬಯಲಾಗುತ್ತಿತ್ತು. "ಹೂಂ," ಎಂದ. ಒಂದೇ ಅಕ್ಷರ, ಹಲ್ಲು ಕಿತ್ತಂತೆ.

ಲಿಯೊಬಾರ್ದೊನ ಕಣ್ಣು ತುಂಬಿ ಬಂತು. "ನೋಡೇ ಅಂಪಾರೊ, ಇವನು ಗಂಡಸು! ಎರಡೇ ಮಾತಾಡಿದ, ಆದ್ರೆ ಹೃದಯ ನೋಡು!" ಅಷ್ಟರಲ್ಲಿ ಕೋಣೆಯೆಲ್ಲ "ಕಚ್ಚು! ಕಚ್ಚು!" ಎಂದು ಕೂಗತೊಡಗಿತು. ಹುಟ್ಟುಹಬ್ಬದವರು ಕೈ ಮುಟ್ಟಿಸದೆ ಕೇಕು ಕಚ್ಚಬೇಕು, ಬಗ್ಗಿದ ತಲೆಯನ್ನು ಯಾರಾದರೂ ಒಳಗೆ ಅದುಮಬೇಕು. ಹೆರ್ಲಿಂಡಾ ಟೊಪ್ಪಿ ತೆಗೆದು ಗಂಡನ ತಲೆಗಿಟ್ಟಳು. "ಮೊದಲು ಇವರು. ಉಡುಗೊರೆ ಕೊಟ್ಟವರು."

ಅವನು ಬಗ್ಗಿದ. ಅದುಮಿದ್ದು ಲಿಯೊಬಾರ್ದೊನ ಕೈ ಎಂದು ಎಲ್ಲರೂ ತಿಳಿದರು. ಅದರ ಕೆಳಗೆ ಹೆರ್ಲಿಂಡಾಳ ಕೈಯೂ ಇತ್ತು, ಅದೂ ಸ್ವಲ್ಪ ಹೆಚ್ಚು ಹೊತ್ತೇ.

"ಮೇ ತಿಂಗಳಿಗೆ ಆಮೇಲೆ ಸೀಟು ಸಿಗಲ್ಲ. ಬಾ, ನನ್ನ ಆಫೀಸಿಗೇ ಹೋಗಿ ಈಗಲೇ ಕಾದಿರಿಸೋಣ," ಎಂದು ಲಿಯೊಬಾರ್ದೊ ಮೂಗಿನಲ್ಲಿ ಕೆನೆ ತುಂಬಿದ್ದ ಗೆಳೆಯನನ್ನು ಎಳೆದುಕೊಂಡು ಹೊರಟ. ಬಾಗಿಲಲ್ಲಿ ಫೋರ್ಚುನಾಟೊ ತಿರುಗಿ ನೋಡಿದ. ಹೆರ್ಲಿಂಡಾ ಅಂಪಾರೊಳ ಜೊತೆ ಏನೋ ಮಾತಾಡುತ್ತ ನಗುತ್ತಿದ್ದಳು.

ಮೇ ತಿಂಗಳಲ್ಲಿ ಮೂವರೂ ಮಸಾಟ್ಲಾನಿಗೆ ಹೋದರು. ಹೆರ್ಲಿಂಡಾಳ ಬೆನ್ನು ಬಿಸಿಲಿಗೆ ಸುಟ್ಟು ಸಿಪ್ಪೆ ಎದ್ದಿತು. ಮೊದಲ ದಿನದ ಸಿಂಪಿ ಹೊಟ್ಟೆಗಾಗಲಿಲ್ಲ. ಮನೆಯಿಂದ ಫೋರ್ಚುನಾಟೊ ದಿನಾ ಫೋನು ಮಾಡಿ ಹುರುಳಿಕಾಳು ಎಷ್ಟು ಹೊತ್ತು ನೆನೆಸಬೇಕೆಂದು ಕೇಳುತ್ತಿದ್ದ. ಐದನೆಯ ದಿನ ಅವಳು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, "ತಾತನಿಗೆ ಹೇಳು, ಅಜ್ಜಿ ಈಜ್ತಿದ್ದಾಳೆ," ಎಂದಳು. ಅವಳಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲಿನವರೆಗೆ ನೀರಿಗಿಳಿದು, ಲಂಗ ಎತ್ತಿ ಹಿಡಿದು, ಅಲೆ ಬಂದಾಗಲೆಲ್ಲ ಕೂಗುತ್ತ ನಿಂತಳು.