ಕತ್ತರಿ ಅಕ್ಕ ಬರೆದ ಉದ್ದನೆಯ ಪತ್ರ

ಫ್ಯಾನ್ ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕತ್ತರಿ ಅಕ್ಕ ಎಂದೇ ಹೆಸರು. ಯಾರು ಏನೇ ಬರೆದರೂ ಅದು ಮೊದಲು ಅವಳ ಮೇಜಿಗೆ ಬರಬೇಕು. 'ತಮ್ಮ ಅಮೂಲ್ಯ ಗಮನಕ್ಕೆ ಸವಿನಯವಾಗಿ ತರಬಯಸುವುದೇನೆಂದರೆ' ಎಂದು ಶುರುವಾದದ್ದನ್ನು ಅವಳು ಕೊಯ್ದು ಕೊಯ್ದು 'ನೀವು ಕಳಿಸಿದ ಮಾಲು ಒಡೆದಿದೆ' ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದಳು. "ಮದುವೆ ಮನೇಲಿ ಭಾಷಣ ಮಾಡ್ತಿದ್ದೀರೇನ್ರೀ? ವಿಷಯಕ್ಕೆ ಬನ್ನಿ" ಎಂದು ಬೈಸಿಕೊಳ್ಳದ ಗುಮಾಸ್ತನೇ ಅಲ್ಲಿರಲಿಲ್ಲ. ಕೆಲಸಗಾರರಿಗೆ ಹೋಗುವ ನೋಟಿಸಂತೂ ಒಂದೇ ಉಸಿರಿಗೆ ಓದಿ ಮುಗಿಯಬೇಕು. ಕೆಳಗೆ ಮೂಲೆಯಲ್ಲಿ ಅವಳ ಪುಟ್ಟ ರುಜು. ಅದು ಕಂಡರೆ ಶೆಡ್ಡಿನಲ್ಲಿ ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಒಂದು ದಿನ ಯಜಮಾನರು ಅವಳನ್ನು ಕರೆದು ಬಾಗಿಲು ಹಾಕಿಸಿದರು. ತಂತಿ ಸುತ್ತುವ ವಿಭಾಗವನ್ನು ಗುತ್ತಿಗೆದಾರನೊಬ್ಬನಿಗೆ ಒಪ್ಪಿಸುತ್ತಿದ್ದರು. ಕೆಲಸಗಾರರು ಪತ್ರಕ್ಕೆ ಒಪ್ಪಿಗೆ ಎಂದು ಸಹಿ ಹಾಕಿದರೆ ಅವರ ಹಳೆಯ ನೌಕರಿ ಅಲ್ಲಿಗೇ ಮುಗಿಯಿತು. ಪರಿಹಾರ ಕೇಳುವ ಹಾಗಿಲ್ಲ. ಗುತ್ತಿಗೆದಾರ ಇಟ್ಟುಕೊಂಡರೆ ಉಂಟು, ಇಲ್ಲವಾದರೆ ಇಲ್ಲ.

"ಎಲ್ಲಾನೂ ಪತ್ರದಲ್ಲಿ ಇರ್ಬೇಕು. ನಾಳೆ ಯಾರೂ ಹೇಳಿರ್ಲಿಲ್ಲ ಅನ್ನಬಾರ್ದು. ಆದ್ರೆ ಸಹಿ ಹಾಕೋವರ್ಗೂ ಅರ್ಥ ಆಗಬಾರ್ದು," ಎಂದರು. ಬೆಣ್ಣೆಯಲ್ಲಿ ಕೂದಲು ತೆಗೆಯುವುದರಲ್ಲಿ ಈ ಮನುಷ್ಯ ಎತ್ತಿದ ಕೈ. "ನಿಮ್ಮ ರುಜು ಮರೀಬೇಡಿ. ನಿಮ್ಮ ಕುರ್ಚಿ ಬಗ್ಗೆ ಯೋಚ್ನೆ ಮಾಡ್ಬೇಡಿ."

ಅವಳು ಆ ಕ್ಷಣದಿಂದ ಅದನ್ನೇ ಯೋಚಿಸಿದಳು. ಆ ವಿಭಾಗದಲ್ಲಿ ಅವಳ ಒಡಹುಟ್ಟಿದ ತಮ್ಮನೂ ಇದ್ದ.

ಬರೆಯಲು ಕೂತಾಗ ಪೆನ್ನು ಸರಾಗವಾಗಿ ಓಡಿದ್ದೇ ಅವಳಿಗೆ ಹೇಸಿಗೆಯಾಯಿತು. ಇಷ್ಟು ವರ್ಷ ಕಿತ್ತು ಬಿಸಾಡಿದ ಕಳೆಯೆಲ್ಲ ಬಾ ಎಂದರೆ ಬಂತು. ಕೆಲಸ ಹೋಗುತ್ತದೆ ಎನ್ನುವ ಕಡೆ 'ಸೇವಾ ಸಂಬಂಧದ ಪುನರ್ವಿನ್ಯಾಸ'. ಪರಿಹಾರ ಸಿಗದು ಎನ್ನುವ ಕಡೆ 'ಪೂರ್ವಾವಧಿಯ ಬಾಧ್ಯತೆಗಳು ಸೌಹಾರ್ದಪೂರ್ವಕ ಸಮಾಪ್ತಿ ಹೊಂದಿದವೆಂದು ಪರಿಗಣಿಸತಕ್ಕದ್ದು'. ಆಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಯಜಮಾನರು ಕೇಳಿದ್ದಕ್ಕಿಂತಲೂ ಉದ್ದ ಎಳೆದಳು. ಒಂದು ವಾಕ್ಯವನ್ನಂತೂ ಪುಟದ ಉದ್ದಕ್ಕೂ ಹರಿಯಬಿಟ್ಟಳು. ಇದು ಕತ್ತರಿ ಅಕ್ಕ ಬರೆಯುವ ಪತ್ರವೇ ಅಲ್ಲ, ಏನೋ ಮಸಲತ್ತಿದೆ ಎಂದು ಕೆಲಸಗಾರರಿಗೆ ಗುಮಾನಿ ಬಂದೇ ಬರುತ್ತದೆ, ವಕೀಲರ ಹತ್ತಿರ ಓಡುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೇಡಿಗಳಿಗೆ ಈ ಗಾದೆ ಬಲು ಇಷ್ಟ.

ಆ ಸಂಜೆ ಅವಳು ತಮ್ಮನ ಮನೆಗೆ ಹೋದಳು. ಅವನ ಮಗಳನ್ನು ದೊಡ್ಡ ಶಾಲೆಗೆ ಸೇರಿಸುವ ಮಾತು ನಡೆದಿತ್ತು. ತಮ್ಮನ ಹೆಂಡತಿ ಒತ್ತಾಯ ಮಾಡಿ ಬಡಿಸಿದಳು. ಪತ್ರವೇ ಹೇಳುತ್ತದಲ್ಲ, ನಾನೇಕೆ ಬಾಯಿ ಬಿಡಲಿ ಎಂದು ಅವಳು ತಲೆ ತಗ್ಗಿಸಿ ಊಟ ಮುಗಿಸಿದಳು.

ಮರುದಿನ ಪತ್ರ ಶೆಡ್ಡಿಗೆ ಹೋಯಿತು. ಮೇಲಿನ ಕಿಟಕಿಯಿಂದ ನೋಡಿದಳು. ಗುಂಪು ಕಟ್ಟುತ್ತಾರೆ, ಗಲಾಟೆ ಆಗುತ್ತದೆ ಎಂದು ಕಾದಳು. ಅವರು ಹಾಳೆ ತಿರುಗಿಸಿ ಕೊನೆಯ ಮೂಲೆ ನೋಡಿದರು, ಒಬ್ಬರ ಬೆನ್ನ ಮೇಲೆ ಒಬ್ಬರು ಕಾಗದ ಇಟ್ಟು ನಗುತ್ತಾ ಸಹಿ ಹಾಕಿದರು.

ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೇಸ್ತ್ರಿ ಕಾಗದಗಳನ್ನೆಲ್ಲ ಒಟ್ಟುಮಾಡಿ ಒಯ್ದಿದ್ದ. ಅವಳ ತಮ್ಮ ಬಟ್ಟೆಯಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಎದುರು ಬಂದ.

"ಏನಕ್ಕಾ, ಈ ಸಲ ಪುರಾಣಾನೇ ಬರ್ದಿದ್ದೀಯ! ನೀನೇ ಇಷ್ಟುದ್ದ ಬರ್ದಿದ್ದೀಯ ಅಂದ್ಮೇಲೆ ನಮ್ಗೇನೋ ದೊಡ್ಡದೇ ಸಿಗುತ್ತೆ ಅಂದ್ಕೊಂಡ್ವಿ."

"ಓದಿದ್ಯೇನೋ?"

"ನೀನು ಬರ್ದಿರೋದನ್ನ ಅನುಮಾನ ಪಟ್ಕೊಂಡು ಓದ್ಬೇಕಾ?"

"ನಿಮ್ಮ ಕೆಲ್ಸ ಹೋಯ್ತು. ಪರಿಹಾರಾನೂ ಇಲ್ಲ."

ತಮಾಷೆಯೇನೋ ಎಂದು ಅವನು ಅವಳ ಮುಖ ನೋಡಿದ. ಹಿಂದೆ ನಿಂತಿದ್ದವರೂ ನೋಡಿದರು. ಅರ್ಥವಾಗದವರು ಒಬ್ಬರೂ ಇರಲಿಲ್ಲ.

"ಬರೀವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ತಮ್ಮ ಕೂಗಾಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಯಂತ್ರದ ಮೇಲೆ ಇಟ್ಟ.

"ನಿನ್ನೆ ನಮ್ಮನೇಲಿ ಊಟಕ್ಕೆ ಕೂತಿದ್ದಾಗ ನಿನ್ನ ಬಾಯಿಗೇನಾಗಿತ್ತು?"