ಗುಂಜಹಳ್ಳಿಯ ನೀರು

"ಬಾಗಿಲತನಕ ಬರ್ತೀನಿ. ಬುತ್ತಿ ಇಳಿಸಿ ಕೊಡ್ತೀನಿ. ಒಳಗ ಬಾ ಅಂದ್ರ ಮಾತ್ರ ಆಗಂಗಿಲ್ಲ" ಎಂದು ಸುಂಕಪ್ಪ ಅಂಗಳದಲ್ಲಿ ನಿಂತೇ ಹೇಳಿದ.

ಶೇಖಮ್ಮ ತಲೆ ಎತ್ತಲಿಲ್ಲ. ಜೋಳದ ಹಿಟ್ಟಿನ ಮುದ್ದೆಯನ್ನು ಹಲಗೆಯ ಮೇಲೆ ಕುಕ್ಕಿ ಬಡಿಯತೊಡಗಿದಳು. ರೊಟ್ಟಿ ಬಡಿಯುವ ಸದ್ದಿನಲ್ಲೇ ಮನೆಯ ಹವಾ ತಿಳಿಯುವ ಓಣಿ ಅದು. ಗೋಡೆಯಾಚೆ ಮಹಬೂಬೀ ತನ್ನ ಗಂಡ ಖಾಜಾಮಿಯಾನಿಗೆ, "ಇವತ್ತು ಸುಂಕಪ್ಪಣ್ಣನ ತಲಿ ಕೈಗೆ ಸಿಕ್ರ ಅದನ್ನೂ ಬಡೀತಾಳ" ಎಂದಳು. ಆ ಮಾತು ಈಚೆಗೂ ಕೇಳಿಸಿತು.

"ನಾ ಹೇಳಿದ್ದು ಕೇಳಿಸ್ತೇನು?"

"ನನಗೂ ಕೇಳಿಸ್ತು, ಹಿಟ್ಟಿಗೂ ಕೇಳಿಸ್ತು."

ಶೇಖಮ್ಮನ ತಾಯಿ ಅಮರಮ್ಮ ತೀರಿಕೊಂಡು ಅಂದಿಗೆ ಮೂರನೆಯ ದಿನ. ಗುಂಜಹಳ್ಳಿಯ ಆ ಮನೆಯಲ್ಲಿ ಸತ್ತ ದಿನದಿಂದ ಒಲೆ ಹೊತ್ತಿರಲಿಲ್ಲ. ಅಕ್ಕಪಕ್ಕದವರು ಕೊಟ್ಟ ಗಂಜಿಯೇ ಗತಿ. ಅವರ ಮಂದಿಯಲ್ಲಿ ಪದ್ಧತಿ ಹಾಗೆ. ಹೆಣ ಹೋದ ಮನೆಗೆ ಮೂರನೆಯ ದಿನ ಮಗಳ ಮನೆಯಿಂದ ಬುತ್ತಿ ಹೋಗಬೇಕು. ಅದನ್ನು ಅಳಿಯ ಕೈಯಾರೆ ಒಳಗೆ ಒಯ್ದು, ಹಿರಿಯನ ಪಕ್ಕ ಕೂತು, ಮೊದಲ ರೊಟ್ಟಿ ಮುರಿದು ತಿನ್ನಬೇಕು. ಆಮೇಲೆ ಉಳಿದವರು ತಿನ್ನುವುದು, ಆಮೇಲೆ ಒಲೆಗೆ ಬೆಂಕಿ. ಅಳಿಯನೇ ಇಲ್ಲದ ಮನೆಗೆ ಬೇರೆ ದಾರಿಗಳಿವೆ. ಇದ್ದೂ ಅವನು ಹೊಸ್ತಿಲಾಚೆ ನಿಂತರೆ ಸತ್ತವಳಿಗೇ ಅವಮಾನ. ಊರು ಅದನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ.

ಸುಂಕಪ್ಪನೋ, ಆ ಮನೆಯ ನೀರು ಮುಟ್ಟದೆ ಇಪ್ಪತ್ತೆರಡು ವರ್ಷ ಕಳೆದವನು. ಮೊನ್ನೆ ಮಣ್ಣಿಗೂ ಬಂದಿದ್ದ. ಮನೆಯ ಕಡೆ ಹಾಯದೆ ನೇರ ಗುಣಿಯ ಹತ್ತಿರ ಹೋಗಿ, ಹಿಡಿ ಮಣ್ಣು ಹಾಕಿ, ಹಳ್ಳದಲ್ಲಿ ಕೈಕಾಲು ತೊಳೆದು, ರಾಯಚೂರಿನ ಮನೆಗೆ ಗಾಡಿ ಹೊಡೆದುಕೊಂಡು ಹೋಗಿದ್ದ. ಬುತ್ತಿ ಮಾಡಲೆಂದು ಶೇಖಮ್ಮ ನಿನ್ನೆ ಮರಳಿದ್ದಳು.

ಕಾರಣ ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಇವರ ಮದುವೆಯಲ್ಲಿ ಶೇಖಮ್ಮನ ಅಪ್ಪ ಗದ್ದೆಪ್ಪ ಮೊದಲ ವೀಳ್ಯವನ್ನು ಮಾನ್ವಿಯಿಂದ ಬಂದಿದ್ದ ಹಲ್ಲಿಲ್ಲದ ಮುದುಕನೊಬ್ಬನಿಗೆ ಕೊಟ್ಟ. ಗುಂಜಹಳ್ಳಿಯಲ್ಲಿ ವಯಸ್ಸಿಗೆ ಮೊದಲ ವೀಳ್ಯ. ದೇವದುರ್ಗದ ಕಡೆ, ಅರಕೇರಾದಲ್ಲಿ, ಗಂಡಿನ ಅಪ್ಪನಿಗೆ ಮೊದಲ ವೀಳ್ಯ. ಒಬ್ಬರ ರೂಢಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ಸುಂಕಪ್ಪನ ಅಪ್ಪ ತನ್ನ ವೀಳ್ಯವನ್ನು ನೆಲಕ್ಕೆ ಎಸೆದು, "ಇನ್ನ ಮ್ಯಾಲ ನಮ್ಮ ವಂಶದ ಗಂಡಸು ಈ ಮನಿ ನೀರು ಕುಡಿದ್ರ ಕೇಳ್ರಿ" ಎಂದು ಮಗನಿಂದಲೂ ಆಣೆ ಮಾಡಿಸಿ ಎದ್ದ. ಸೊಸೆಯನ್ನು ಮಾತ್ರ ಮರೆಯದೆ ಗಾಡಿಗೆ ಹತ್ತಿಸಿಕೊಂಡ. ಎರಡು ಎಲೆ, ಒಂದು ಅಡಿಕೆ. ಅರಕೇರಾದವರ ಮರ್ಯಾದೆಯ ತೂಕ ಅಷ್ಟೇ ಇತ್ತು. ಮುಂದೆ ಆ ಅಪ್ಪ ಸತ್ತಾಗ ಹೊಲವನ್ನು ಅಣ್ಣಂದಿರು ಹಂಚಿಕೊಂಡರು. ಸುಂಕಪ್ಪನ ಪಾಲಿಗೆ ಒಂದು ಗಾಡಿ ಮತ್ತು ಈ ಆಣೆ ಬಂದವು.

ಹಾಗಂತ ಅವನು ಕೆಟ್ಟ ಗಂಡನಲ್ಲ. ಕೆಟ್ಟವನಾಗಿದ್ದರೆ ಶೇಖಮ್ಮನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬೀಜ ಬಿಡಿಸುವ ಜಿನ್ನಿಗೆ ಹತ್ತಿ ಹೇರುವ ಕೆಲಸ ಅವನದು. ಸಂಜೆ ಮನೆಗೆ ಬಂದರೆ ತಲೆ, ಹುಬ್ಬು, ಮೀಸೆಯೆಲ್ಲ ಅರಳೆ. ಅವಳು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಎಳೆ ಹೆಕ್ಕುತ್ತ "ಮುದುಕ ಆದಿ ನೋಡು" ಎಂದರೆ, "ಹೆಕ್ಕು, ಮತ್ತ ಹರೇದಾಂವ ಆಗ್ತೀನಿ" ಎನ್ನುವನು. ಸ್ಟೇಷನ್ ಕಡೆ ಬಾಡಿಗೆ ಸಿಕ್ಕ ದಿನ ಎಲೆಯಲ್ಲಿ ಸುತ್ತಿದ ಮಲ್ಲಿಗೆ ತರುವನು. ಕೈಗೆ ಕೊಡುವುದಿಲ್ಲ. ದೀಪದ ಗೂಡಿನಲ್ಲಿಟ್ಟು ಕೆಮ್ಮುವನು. ಪಂಚಮಿಗೆ ಅವಳನ್ನು ತವರಿಗೆ ಬಿಟ್ಟುಬಂದರೆ ಹೇಳಿದ ದಿನಕ್ಕಿಂತ ಮೊದಲೇ ಕರೆಯಲು ಹಾಜರು. "ಎತ್ತು ನಿನ್ನ ನೆನಸಿ ಮೇವು ಬಿಟ್ಟಾವ" ಎಂದು ಸುಳ್ಳು ಬೇರೆ ಹೇಳುವನು.

ಆದರೆ ಆ ಹಾಜರಾತಿ ಊರ ಹೊರಗಿನ ಬೇವಿನ ಗಿಡದ ಕೆಳಗೆ. ಮಗಳನ್ನು ಕಳಿಸಲು ಅಮರಮ್ಮ ಅಲ್ಲಿಯವರೆಗೆ ಬರುತ್ತಿದ್ದಳು. ಅತ್ತೆ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಸೆರಗು ಎಳೆದುಕೊಂಡು ಗಾಡಿಯ ಮಗ್ಗುಲಿಗೆ ನಿಂತು, ತಂದ ಹೋಳಿಗೆಯನ್ನು ಮುರಿದು ಎತ್ತುಗಳ ಬಾಯಿಗೆ ಇಡುತ್ತಿದ್ದಳು. "ನೀವರ ತಿನ್ರೆಪ್ಪಾ, ನಿಮಗ್ಯಾರೂ ಆಣಿ ಹಾಕಿಲ್ಲ" ಎನ್ನುತ್ತಿದ್ದಳು. ಸುಂಕಪ್ಪ ನೊಗದ ಹಗ್ಗ ಬಿಗಿಮಾಡುತ್ತ ಬೇರೆ ಕಡೆ ನೋಡುತ್ತಿದ್ದ.

ಬಿಸಿಲೇರುವ ಮೊದಲೇ ಗಾಡಿ ರಾಯಚೂರು ಬಿಟ್ಟಿತು. ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಬೇಳೆ, ಒಂದು ಪಾತ್ರೆ ಅನ್ನ. ಯುದ್ಧ ಮುಗಿದು ವರ್ಷವಾಗಿದ್ದರೂ ಸರಕಾರದ ಧಾನ್ಯ ಕಂಟ್ರೋಲು ಮುಗಿದಿರಲಿಲ್ಲ, ಅಕ್ಕಿ ಸಿಗುವುದೇ ಕಷ್ಟ. ಆ ಅಕ್ಕಿಯನ್ನು ಖಾಜಾಮಿಯಾ ಮಿಲ್ಲಿನ ಹಮಾಲರನ್ನು ಕಾಡಿ ಬೇಡಿ ತಂದುಕೊಟ್ಟಿದ್ದ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಶೇಖಮ್ಮ ಗಾಡಿಯ ಹಿಂಬದಿಗೆ ಮುಖ ಮಾಡಿ ಕೂತಿದ್ದಳು.

"ನಿಮ್ಮ ತಮ್ಮ ಏನಂದ?" ಎಂದ ಸುಂಕಪ್ಪ.

"ಮಾವ ಒಳಗ ಬರದಿದ್ರ ಬುತ್ತಿ ನಾಯಿಗೆ ಹಾಕ್ತೀನಿ ಅಂದಾನ ಹುಲಿಗೆಪ್ಪ."

"ನೋಡಿದೇನು? ಅವರ ಸೊಕ್ಕು ಇನ್ನಾ ಇಳಿದಿಲ್ಲ."

"ಅವಂದು ಸೊಕ್ಕು, ನಿಂದು ಮರ್ಯಾದಿ. ಹೌದಲ್ಲ?"

"ನಮ್ಮಪ್ಪಗ ಮಾತು ಕೊಟ್ಟೀನಿ ಬೇ."

"ನಿಮ್ಮಪ್ಪ ಮಣ್ಣಾದ, ನಮ್ಮವ್ವ ಮಣ್ಣಾದ್ಲು. ಇನ್ನ ಯಾರ ಮುಂದ ಮೀಸಿ ತಿರುವಾಂವ ನೀ?"

"ಅರಕೇರಾದಾಗ ನಮ್ಮಣ್ಣಗೋಳು ಏನಂತಾರ..."

"ಹೊಲದಾಗ ಒಂದು ಸಾಲು ಕೊಡದ ಅಣ್ಣಗೋಳು! ಅವರು ಏನಂದ್ರ ಏನು ಬಿಟ್ರ ಏನು?" ಶೇಖಮ್ಮ ಸರಕ್ಕನೆ ತಿರುಗಿ ಕೂತಳು. ಇಷ್ಟು ವರ್ಷ ಯಾವ ಜಗಳದಲ್ಲೂ ತೆಗೆಯದೆ ಇಟ್ಟುಕೊಂಡಿದ್ದ ಮಾತೊಂದು ಅವಳಲ್ಲಿತ್ತು. ಇವತ್ತು ಅದನ್ನು ಹೊರಗೆ ಹಾಕಿದಳು. "ಒಂದು ಮಾತು ಹೇಳ್ತೀನಿ, ಕೇಳು. ನಮ್ಮಾಕಿ ಗುರೆಳ್ಳು ಪುಡಿ ಅಂತ ಜಿನ್ನಿನಾಗ ಮಂದಿ ಮುಂದ ಹೊಗಳ್ತಿದ್ದೆಲ್ಲ, ಅದು ನಿಮ್ಮಾಕಿದಲ್ಲ. ನಮ್ಮವ್ವನ ಕೈದು. ಪ್ರತಿ ಪಂಚಮಿಗೆ ಸೀರಿಯಾಗ ಗಂಟು ಕಟ್ಟಿ ತರ್ತಿದ್ದೆ. ನಮ್ಮಪ್ಪನ ಹೊಲದ ಗುರೆಳ್ಳು, ನಮ್ಮವ್ವನ ಮನಿ ಉಪ್ಪು. ಇಪ್ಪತ್ತೆರಡು ವರ್ಷ ರೊಟ್ಟಿಗೆ ಹಚ್ಚಿ ತಿಂದಿ!"

ಗಾಡಿ ನಿಲ್ಲುತ್ತದೆ, ಇವನು ಕೂಗಾಡುತ್ತಾನೆ, ಬಾರುಕೋಲು ಬಿಸಾಡುತ್ತಾನೆ ಎಂದುಕೊಂಡಿದ್ದಳು. ಎತ್ತುಗಳು ತಮ್ಮ ಪಾಡಿಗೆ ನಡೆದೇ ಇದ್ದವು.

"ಗೊತ್ತದ" ಎಂದ ಸುಂಕಪ್ಪ.

"ಏನು ಗೊತ್ತದ?"

"ಮೊದಲನೇ ವರ್ಷನ ಗೊತ್ತಾತು. ಮನಿಯಾಗ ಒಳ್ಳಿನಾಗ ಕುಟ್ಟೋ ಸಪ್ಪಳ ಇಲ್ಲ, ಡಬ್ಬಿ ತುಂಬ ಪುಡಿ. ಎಲ್ಲಿಂದ ಬರ್ತದ? ನಿನ್ನ ಮನಸ್ಸು ಯಾಕ ನೋಯಿಸಬೇಕಂತ ಸುಮ್ಮನಿದ್ದೆ." ಅವನ ದನಿಯಲ್ಲಿ ಒಂದಿಷ್ಟು ಜಂಬವೂ ಇತ್ತು. ಹೆಂಡತಿಗಾಗಿ ಎಂಥ ದೊಡ್ಡ ಗುಟ್ಟು ಕಾಯ್ದೆ ಎಂಬ ಜಂಬ.

ಶೇಖಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಗೊತ್ತಿಲ್ಲದೆ ತಿಂದಿದ್ದರೆ ಹುಂಬ ಎಂದು ಬಿಟ್ಟುಬಿಡಬಹುದಿತ್ತು. ಇವನು ಗೊತ್ತಿದ್ದೂ ತಿಂದಿದ್ದ. ತಿಂದು ಬಾಯಿ ಚಪ್ಪರಿಸಿ, ಮರುವರ್ಷ ಅದೇ ಬೇವಿನ ಗಿಡದ ಕೆಳಗೆ ಅವ್ವನಿಗೆ ಬೆನ್ನು ಕೊಟ್ಟು ನಿಂತಿದ್ದ.

"ಗಾಡಿ ನಿಲ್ಸು."

"ಯಾಕ?"

"ನಿಲ್ಸು ಅಂದ್ನೆಲ್ಲ!" ಅವನು ಹಗ್ಗ ಜಗ್ಗುವ ಮೊದಲೇ ಅವಳು ಇಳಿದಾಗಿತ್ತು. ಬುಟ್ಟಿಯನ್ನು ಎಳೆದು ತಲೆಯ ಮೇಲೆ ಇಟ್ಟುಕೊಂಡಳು. "ಹೊಟ್ಟಿಗೆ ಗುಂಜಹಳ್ಳಿ ಬೇಕು, ಮೀಸಿಗೆ ಬ್ಯಾಡ! ಹೋದ ಸಲನೂ ಅವ್ವ ಕೇಳಿದ್ಲು, 'ಅಳಿಯ ತಿಂದ್ನಾ?' ಅಂತ. 'ತಿಂದಾನವ್ವಾ, ನಿಂದು ಅಂತ ಗೊತ್ತಿಲ್ಲ ಅವಂಗ' ಅಂದೆ. ಗೊತ್ತಿದ್ದೇ ತಿಂತಾನ ಅಂತ ಒಂದು ಮಾತು ಸಿಕ್ಕಿದ್ರ ನಮ್ಮವ್ವ ನಕ್ಕೊಂತ ಸಾಯ್ತಿದ್ಲು. ಪುಗಸಟ್ಟೆ ಮಾತು! ಅಷ್ಟೂ ನಿನ್ನ ಕೈಲೆ ಆಗಲಿಲ್ಲ."

ಅವಳು ನಡೆಯತೊಡಗಿದಳು. ಗಾಡಿ ಅವಳ ಹಿಂದೆ ಹಿಂದೆ ಬಂತು. "ಬಿಸಿಲಾಗ್ಯದ, ಹತ್ತು" ಎಂದ ಸುಂಕಪ್ಪ. ಸ್ವಲ್ಪ ದೂರ ಹೋದ ಮೇಲೆ, "ಕಾಲು ಸುಡ್ತಾವ ಬೇ" ಎಂದ. ಅವಳು ನಡೆದೇ ಇದ್ದಳು. ಎದುರಿಗೆ ಗುಂಜಹಳ್ಳಿಯ ದಸ್ತಗೀರ್ ಸಾಬ್ ಬಂದವರು ನಿಂತು, "ಏನವ್ವಾ, ಗಾಡಿ ಇದ್ದೂ ನಡ್ಕೊಂಡು ಹೊಂಟೀಯಲ್ಲ?" ಎಂದರು.

"ಗಾಡ್ಯಾಗ ಅರಕೇರಾದ ಮರ್ಯಾದಿ ಹೇರ್ಯಾರ ಕಾಕಾ. ನನಗ ಜಾಗ ಇಲ್ಲ."

ಮುದುಕರು ಗಾಡಿಯ ಕಡೆ ಒಮ್ಮೆ ನೋಡಿ, ಗಡ್ಡ ನೀವಿಕೊಳ್ಳುತ್ತ ಹೋದರು. ಸುಂಕಪ್ಪ ರುಮಾಲನ್ನು ಹಣೆಯ ಮೇಲೆ ಎಳೆದುಕೊಂಡ.

ಬೇವಿನ ಗಿಡ ಬಂತು. ಯಾರೂ ಹಗ್ಗ ಜಗ್ಗದೆಯೇ ಎತ್ತುಗಳು ನಿಂತವು. ಎರಡೂ ಕತ್ತು ಹೊರಳಿಸಿ, ಮಗ್ಗುಲ ಕಡೆ ಮೂಗು ಚಾಚಿ ಕಾದವು. ಅಲ್ಲಿ ಯಾರೂ ಇರಲಿಲ್ಲ. ಸುಂಕಪ್ಪ ಗಾಡಿಯ ಮೇಲಿಂದ ಅದನ್ನು ನೋಡುತ್ತ ಕೂತ. ಶೇಖಮ್ಮ ಹಿಂದಿರುಗಿ ನೋಡದೆ ಊರೊಳಗೆ ನಡೆದಳು.

ಬಾಗಿಲಲ್ಲಿ ಹುಲಿಗೆಪ್ಪ ಕೈಕಟ್ಟಿ ನಿಂತಿದ್ದ. "ಮಾವ ಎಲ್ಲಿ?"

"ಮರ್ಯಾದಿ ಕಾಯಾಕತ್ತಾನ. ಸರಿ ಆಚಿ."

ಅವನನ್ನು ತೋಳಿನಿಂದ ಸರಿಸಿ ಅವಳು ಒಳಗೆ ಹೋಗಿ ಬುಟ್ಟಿ ಇಳಿಸಿದಳು. ಪಡಸಾಲೆಯಲ್ಲಿ ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಅಕ್ಕಾ, ಅಳಿಯ ಇಳಿಸೋದದು" ಎಂದ ಹುಲಿಗೆಪ್ಪ, ದನಿ ಏರಿಸಿ.

"ಹೊತ್ತಾಕಿ ನಾನು, ಇಳಿಸಾಕಿ ನಾನು. ನೀ ನಾಯಿಗೆ ಹಾಕ್ತೀನಿ ಅಂದಾಂವ, ನಿನ್ನ ಬಾಯಾಗೇನು ಬಂಗಾರ ಅದ? ಯಪ್ಪಾ, ಕೈ ತೊಳಿ. ಹೊಟ್ಟಿ ಹಸಿದದ ನಿನಗ."

ಗದ್ದೆಪ್ಪ ಕಂಬಕ್ಕೆ ಒರಗಿ ಕೂತಿದ್ದ. ತುಟಿಗಳು ಒಣಗಿ ಬಿರಿದಿದ್ದವು. ಮಗಳು ಮುರಿದು ಹಿಡಿದ ರೊಟ್ಟಿಯನ್ನು ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ. "ನಿಮ್ಮವ್ವ ಅವನ ಹಾದಿ ನೋಡೇ ನೋಡಿದ್ಲವ್ವಾ. ನಾನೂ ಇನ್ನೊಂದಿಷ್ಟು ನೋಡ್ತೀನಿ. ತಪ್ಪು ನಂದ ಅದ. ಆವತ್ತು ಒಂದು ಮಾತು ಕೇಳಿ ವೀಳ್ಯ ಕೊಟ್ಟಿದ್ರ ಆಗ್ತಿತ್ತು." ಅವನು ಕೈ ಚಾಚಲಿಲ್ಲ. ಶೇಖಮ್ಮನ ಕೈಯಲ್ಲಿ ರೊಟ್ಟಿ ಹಾಗೆಯೇ ಉಳಿಯಿತು. ಅವಳಿಗೆ ಗಂಡನ ಮೇಲೆ, ತಮ್ಮನ ಮೇಲೆ, ಹಸಿದು ಕೂತ ಈ ಅಪ್ಪನ ಮೇಲೂ ಸಿಟ್ಟು ಬಂತು.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಸುಂಕಪ್ಪ ಬಂದು ನಿಂತಿದ್ದ. ರುಮಾಲು ಕೈಯಲ್ಲಿತ್ತು. ಹೊಸ್ತಿಲ ಮೇಲೆ ಅವನ ಕಾಲು ಒಮ್ಮೆ ತಡೆಯಿತು.

"ಇಲ್ಲಿತನಕ ಬಂದೆಲ್ಲ ಮಾವ, ಅದ ದೊಡ್ಡದಾತು" ಎಂದ ಹುಲಿಗೆಪ್ಪ.

ಸುಂಕಪ್ಪ ಹೊಸ್ತಿಲು ದಾಟಿದ. ತಲೆ ಎತ್ತದೆ, ಯಾರಿಗೆ ಎಂದೂ ಹೇಳದೆ, "ನೀರು ಕೊಡ್ರಿ" ಎಂದ. ಇನ್ನೊಮ್ಮೆ ಹೇಳಿದ.

ಎಲ್ಲರೂ ಶೇಖಮ್ಮನ ಮುಖ ನೋಡಿದರು. "ಕೊಡವ್ವಾ" ಎಂದ ಗದ್ದೆಪ್ಪ.

ಅವಳು ಎದ್ದಳು. ಯಾರೋ ಚಂಬು ಮುಂದೆ ಮಾಡಿದರು, ತೆಗೆದುಕೊಳ್ಳಲಿಲ್ಲ. ಮೂಲೆಯಲ್ಲಿದ್ದ ತುಂಬಿದ ಕೊಡವನ್ನೇ ಸೊಂಟಕ್ಕೆ ಎತ್ತಿಕೊಂಡು ಬಚ್ಚಲ ಕಲ್ಲಿನ ಹತ್ತಿರ ಬಂದಳು. ಸುಂಕಪ್ಪ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡಿದ. ಅವಳು ಕೊಡ ಬಗ್ಗಿಸಿದಳು. ಅವನು ಕುಡಿದ. ಗಂಟಲಲ್ಲಿ ನೀರು ಇಳಿದ ಸದ್ದು ಎಲ್ಲರಿಗೂ ಕೇಳಿಸಿತು.

ಇಷ್ಟೇ ಇತ್ತೇ, ಅನ್ನಿಸಿತು ಅವಳಿಗೆ. ಒಂದು ಗುಟುಕು. ಮೀಸೆ ಉದುರಲಿಲ್ಲ, ಅರಕೇರಾ ಮುಳುಗಲಿಲ್ಲ. ಇದನ್ನು ನಾಲ್ಕು ದಿನ ಮೊದಲು ಮಾಡಲು ಇವನಿಗೆ ಏನು ಬಂದಿತ್ತು?

"ಸಾಕು" ಎಂದ ಸುಂಕಪ್ಪ.

"ಕುಡಿ. ಇಪ್ಪತ್ತೆರಡು ವರ್ಷದ್ದು ಅದ."

ಅವಳು ಹೊಯ್ದಳು. ಅವನು ಕುಡಿದ, ಕೆಮ್ಮಿದ, ಮತ್ತೆ ಕುಡಿದ. ನೀರು ಬೊಗಸೆ ಮೀರಿ ಮೊಣಕೈಯಿಂದ ಇಳಿದು ಧೋತರ ತೋಯಿಸಿತು. "ಅಕ್ಕಾ" ಎಂದು ಹುಲಿಗೆಪ್ಪ ಮುಂದೆ ಬಂದ. ಗದ್ದೆಪ್ಪ ಕೂತಲ್ಲಿಂದಲೇ ಮಗನ ಧೋತರದ ಚುಂಗು ಹಿಡಿದು ನಿಲ್ಲಿಸಿದ. ಶೇಖಮ್ಮನ ಕೆನ್ನೆಯೂ ತೋಯ್ದಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಕೊಡ ಹಗುರಾಗುತ್ತ ಬಂತು, ಧಾರೆ ಸಣ್ಣದಾಯಿತು, ಕೊನೆಯ ಹನಿಗಳು ಬಿದ್ದವು. ಸುಂಕಪ್ಪ ಬೊಗಸೆ ತೆಗೆಯಲಿಲ್ಲ. ಅವಳೂ ಕೊಡವನ್ನು ನೆಟ್ಟಗೆ ಮಾಡಲಿಲ್ಲ.